ಬ್ಯಾಂಡ್ ಕಟ್ಟಿದ್ದು ಯಾವ ಕೈಗೆ? ಆಯ್ಕೆ ಮೇಜಿನವರಿಗೆ ಒಂದು ಬಹಿರಂಗ ಪತ್ರ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಮಕ್ಕಳ ಕ್ರೀಡಾ ಆಯ್ಕೆಗೆಂದು ಮೇಜಿನ ಆ ಬದಿಯಲ್ಲಿ ಕೂರುವ ಎಲ್ಲರಿಗೂ,

ನಮಸ್ಕಾರ.

ನಾನು ಉಡುಪಿ ಜಿಲ್ಲೆಯ ಒಂದು ಪ್ರೌಢಶಾಲೆಯ ದೈಹಿಕ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿ.ಟಿ. ಮಾಸ್ಟ್ರು. ಕುತ್ತಿಗೆಯಲ್ಲಿ ವಿಸಿಲ್, ಕಿಸೆಯಲ್ಲಿ ಸ್ಟಾಪ್‌ವಾಚ್, ಸ್ಕೂಟರಿನ ಹಿಂದೆ ಕಟ್ಟಿದ ಅಳತೆ ಟೇಪು. 22 ವರ್ಷದಿಂದ ನನ್ನ ಲ್ಯಾಬು ಇಷ್ಟೇ. ಪತ್ರ ಬರೆದು ನನಗೆ ರೂಢಿ ಇಲ್ಲ. ಬರೆದದ್ದೆಲ್ಲ ರಜಾ ಅರ್ಜಿ, ಬಿಟ್ಟರೆ ಕ್ರೀಡಾಕೂಟಕ್ಕೆ ಶಾಮಿಯಾನ ಕೊಡಿಸಿ ಅನ್ನುವ ಮನವಿ. ಆದರೆ ಮೈಗೆ ಸೆನ್ಸರ್ ಕಟ್ಟಿ ಮಕ್ಕಳನ್ನು ಆರಿಸುವ ಈ ಒಂದು ವಿಷಯ ನಿಮಗೆ ಮಾತ್ರ ಅಲ್ಲ, ಮಕ್ಕಳ ಅಪ್ಪ ಅಮ್ಮಂದಿರಿಗೂ ಗೊತ್ತಾಗಬೇಕು ಅನಿಸಿತು. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಒಂದು ಆಯ್ಕೆ ಟ್ರಯಲ್ಸ್‌ಗೆ ನಮ್ಮ ಶಾಲೆಯ ಐದು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಎಲ್ಲಿ, ಯಾರು ನಡೆಸಿದ್ದು ಅಂತ ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಅವರ ಸುತ್ತ ತಿರುಗುತ್ತದೆ, ವಿಷಯ ಹಾಗೇ ಉಳಿಯುತ್ತದೆ. ಅಲ್ಲಿ ಹೊಸ ವ್ಯವಸ್ಥೆ ಇತ್ತು. ಪ್ರತಿ ಮಗುವಿನ ಮಣಿಕಟ್ಟಿಗೆ ಒಂದು ಬ್ಯಾಂಡ್, ಸೊಂಟಕ್ಕೆ ಒಂದು ಬೆಲ್ಟ್. ಬೆಂಕಿಪೆಟ್ಟಿಗೆಗಿಂತ ಸಣ್ಣ ಸೆನ್ಸರ್. ಮಗು ಓಡಿದರೆ, ಹಾರಿದರೆ, ಎಸೆದರೆ ಟ್ಯಾಬ್‌ನಲ್ಲಿ ಗೆರೆ ಮೂಡುತ್ತದೆ. ಕೊನೆಗೆ ನೂರಕ್ಕೆ ಇಷ್ಟು ಅಂತ ಒಂದು ‘ಸ್ಕಿಲ್ ಸ್ಕೋರ್’ ಬರುತ್ತದೆ. 60ಕ್ಕಿಂತ ಕಡಿಮೆ ಬಂದರೆ ಮನೆಗೆ.

ನಮ್ಮ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಜಾವೆಲಿನ್ ಎಸೆದಳು. ಅಲ್ಲಿ ಬಂದಿದ್ದ ಹುಡುಗಿಯರಲ್ಲಿ ಅವಳದ್ದು ಎರಡನೇ ದೂರದ ಎಸೆತ. ಸ್ಕೋರ್ ಮಾತ್ರ 41.

ವಾಪಸ್ ಬರುವಾಗ ಬಸ್ಸು ಹೆಜಮಾಡಿ ಟೋಲ್ ದಾಟುವವರೆಗೆ ಅವಳು ಮಾತಾಡಲಿಲ್ಲ. ಆಮೇಲೆ ಮೆಲ್ಲ ಕೇಳಿದಳು. “ಸರ್, ನಾನು ಎಡಗೈಯಲ್ಲಿ ಅಲ್ವಾ ಬಿಸಾಡುದು? ಅವ್ರು ಬಲಗೈಗೆ ಕಟ್ಟಿದ್ರು.”

“ಅಲ್ಲೇ ಹೇಳ್ಬಾರ್ದಿತ್ತಾ ಮಾರಾಯ್ತಿ?”

“ಹೇಳಿದೆ ಸರ್. ಬಲಗೈಗೇ ಕಟ್ಲಿಕ್ಕೆ ಉಂಟು ಅಂದ್ರು.”

ಎಸೆದದ್ದು ಎಡಗೈ. ಅಳೆದದ್ದು ಸುಮ್ನೆ ಪಕ್ಕದಲ್ಲಿ ಬ್ಯಾಲೆನ್ಸ್‌ಗೆಂದು ಆಡುವ ಬಲಗೈ. ಆ ಕೈಗೆ 41 ಬಂದದ್ದೇ ದೊಡ್ಡದು! ಮರುದಿನ ಫೋನ್ ಮಾಡಿದೆ. “ಸರ್, ಡೇಟಾ ಲಾಕ್ ಆಗಿದೆ, ಈಗ ಏನೂ ಮಾಡಲಿಕ್ಕಾಗುವುದಿಲ್ಲ” ಅಂದರು. ತಪ್ಪು ಅವರದ್ದು ಮಾತ್ರ ಅಂತ ನಾನು ಹೇಳುವುದಿಲ್ಲ. ನಾನೂ 20 ಅಡಿ ದೂರದಲ್ಲಿ ನಿಂತಿದ್ದೆ. ಟ್ಯಾಬ್ ನೋಡುತ್ತಿದ್ದೆ, ಹುಡುಗಿಯ ಕೈ ನೋಡಲಿಲ್ಲ. 22 ವರ್ಷ ಮೈದಾನದಲ್ಲಿ ಮಕ್ಕಳ ಕೈಕಾಲು ನೋಡಿಯೇ ಸಂಬಳ ತಗೊಂಡವನು, ಆ ದಿನ ಎಲ್ಲರ ಹಾಗೆ ಪರದೆ ನೋಡಿದೆ.

ಇದನ್ನು ಓದಿ ‘ಹಳೇ ಮಾಸ್ಟ್ರಿಗೆ ಹೊಸ ಮೆಷಿನ್ ಆಗುವುದಿಲ್ಲ’ ಅಂದುಕೊಳ್ಳಬೇಡಿ. ಆ ಬಸ್ ಪ್ರಯಾಣದ ನಂತರ ನಾನು ಈ ಸೆನ್ಸರ್‌ಗಳ ಹಿಂದೆ ಬಿದ್ದೆ. ನಮ್ಮ ಶಾಲೆಯಲ್ಲೇ ಕಲಿತು ಈಗ ಇಂಜಿನಿಯರಿಂಗ್ ಓದುತ್ತಿರುವ ಒಬ್ಬ ಹುಡುಗ ತನ್ನ ಪ್ರಾಜೆಕ್ಟಿಗೆಂದು ತಂದ ಎರಡು ಸೆನ್ಸರ್‌ಗಳನ್ನು ಹಿಡಿದುಕೊಂಡು ಶನಿವಾರ ಶನಿವಾರ ಮೈದಾನಕ್ಕೆ ಬಂದ. ನಾವಿಬ್ಬರೂ ಸೇರಿ ಕಲಿತದ್ದನ್ನು ಹೇಳುತ್ತೇನೆ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ಆದರೂ ಓದಿ.

ಆ ಡಬ್ಬಿಯೊಳಗೆ ಇರುವುದು ಮುಖ್ಯವಾಗಿ ಎರಡು ಸಾಮಾನು. ಒಂದು ಆಕ್ಸೆಲೆರೋಮೀಟರ್, ಅದು ವೇಗ ಎಷ್ಟು ಬೇಗ ಬದಲಾಗುತ್ತದೆ ಅಂತ ಹೇಳುತ್ತದೆ. ಇನ್ನೊಂದು ಜೈರೋಸ್ಕೋಪ್, ಅದು ಎಷ್ಟು ಬೇಗ ತಿರುಗುತ್ತಿದೆ ಅಂತ ಹೇಳುತ್ತದೆ. ಕೆಲವದರಲ್ಲಿ ದಿಕ್ಸೂಚಿಯಂತೆ ಮ್ಯಾಗ್ನೆಟೋಮೀಟರ್ ಕೂಡ ಇರುತ್ತದೆ. ಇದೇನು ಆಕಾಶದಿಂದ ಇಳಿದ ವಸ್ತು ಅಲ್ಲ. ನಿಮ್ಮ ಮೊಬೈಲ್ ಅಡ್ಡ ಹಿಡಿದಾಗ ಪರದೆ ತಿರುಗುತ್ತದಲ್ಲ, ಅದು ಇದೇ ಆಕ್ಸೆಲೆರೋಮೀಟರ್. ಕಾರು ಗುದ್ದಿದಾಗ ಏರ್‌ಬ್ಯಾಗ್ ಬಿಚ್ಚಲು ಹೇಳುವುದೂ ಇದೇ ಜಾತಿಯದ್ದು.

ನನಗೆ ಬಹಳ ಇಷ್ಟವಾದ ಸಂಗತಿ ಒಂದು ಉಂಟು. ಮೇಜಿನ ಮೇಲೆ ಇಟ್ಟ ಆಕ್ಸೆಲೆರೋಮೀಟರ್ ಸೊನ್ನೆ ತೋರಿಸುವುದಿಲ್ಲ, ಭೂಮಿಯ ಸೆಳೆತದಷ್ಟು, ಅಂದರೆ 9.81 ಮೀಟರ್/ಸೆಕೆಂಡ್² ತೋರಿಸುತ್ತದೆ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಮಗು ಮೇಲಕ್ಕೆ ಹಾರಿದರೆ, ಕಾಲು ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೆ ಅದು ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಗಾಳಿಯಲ್ಲಿ ಎಷ್ಟು ಹೊತ್ತು ಇದ್ದ ಅಂತ ಹೀಗೆ ಗೊತ್ತಾಗುತ್ತದೆ. ಆ ಸಮಯದಿಂದ ಎತ್ತರದ ಲೆಕ್ಕ. ಅರ್ಧ ಸೆಕೆಂಡ್ ಗಾಳಿಯಲ್ಲಿದ್ದರೆ ಸುಮಾರು 31 ಸೆಂಟಿಮೀಟರ್ ಹಾರಿದ ಹಾಗೆ. ಗೋಡೆಗೆ ಸುಣ್ಣದ ಕೈ ಒತ್ತಿ ಅಳೆಯುತ್ತಿದ್ದ ನನಗೆ ಇದು ಎಷ್ಟು ಚಂದ ಕಂಡಿತು ಅಂದರೆ, ಆ ರಾತ್ರಿ ಹೆಂಡತಿಗೂ ವಿವರಿಸಿದೆ. ಅವಳು ಮೀನು ಕ್ಲೀನ್ ಮಾಡುತ್ತಾ ಕೇಳಿಸಿಕೊಂಡಳು.

ಮುಂದಿನ ಶನಿವಾರ ಎಂಟನೇ ಕ್ಲಾಸಿನ ಒಬ್ಬ ಪೋಕರಿ ಈ ಚಂದದ ಲೆಕ್ಕವನ್ನು ಮುಗಿಸಿಬಿಟ್ಟ. ಇಳಿಯುವಾಗ ಮಂಡಿ ಮಡಚಿ, ಕಾಲು ಎತ್ತಿಕೊಂಡು ಇಳಿದ. ಪಾದ ನೆಲಕ್ಕೆ ತಡವಾಗಿ ತಾಗಿತು. ಬರೀ 0.05 ಸೆಕೆಂಡ್ ಜಾಸ್ತಿ. ಯಂತ್ರದ ಲೆಕ್ಕದಲ್ಲಿ 31 ಇದ್ದದ್ದು 37 ಸೆಂಟಿಮೀಟರ್ ಆಯಿತು. ಅರ್ಧ ಗಂಟೆಯೊಳಗೆ ಇಡೀ ಎಂಟನೇ ಕ್ಲಾಸ್ ಎತ್ತರಕ್ಕೆ ಹಾರಲು ಶುರು ಮಾಡಿತು! ಯಾರ ಕಾಲಿಗೂ ಹೊಸ ಶಕ್ತಿ ಬಂದಿರಲಿಲ್ಲ. ನಿಮ್ಮ ಟ್ರಯಲ್ಸ್‌ನಲ್ಲಿ ಹಾರುವ ಮಗು ಹೇಗೆ ಇಳಿಯುತ್ತದೆ ಅಂತ ನೋಡಲು ಒಬ್ಬರು ನಿಂತಿರುತ್ತಾರಾ?

ಇನ್ನೊಂದು ತಮಾಷೆ. ಸೆನ್ಸರ್ ಒಬ್ಬ ಎಷ್ಟು ದೂರ ಹೋದ ಅಂತ ನೇರ ಅಳೆಯುವುದಿಲ್ಲ. ವೇಗದ ಬದಲಾವಣೆಯಿಂದ ವೇಗ, ವೇಗದಿಂದ ದೂರ, ಹೀಗೆ ಎರಡು ಸಲ ಕೂಡಿಸಿಕೊಂಡು ಹೋಗಬೇಕು. ಮೊದಲ ಅಳತೆಯಲ್ಲಿ ಸಣ್ಣ ತಪ್ಪಿದ್ದರೂ ಅದು ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ. ಅದೇ ಮೀಟರ್/ಸೆಕೆಂಡ್² ಲೆಕ್ಕದಲ್ಲಿ 0.05ರಷ್ಟು ತಪ್ಪು ಅಂತಿಟ್ಟುಕೊಳ್ಳಿ. 10 ಸೆಕೆಂಡಿಗೆ ಎರಡೂವರೆ ಮೀಟರ್ ವ್ಯತ್ಯಾಸ. ಒಂದು ನಿಮಿಷಕ್ಕೆ 90 ಮೀಟರ್. ಅಂದರೆ ಮೇಜಿನ ಮೇಲೆ ಇಟ್ಟ ಡಬ್ಬಿ, ಲೆಕ್ಕದ ಪ್ರಕಾರ, ಒಂದು ನಿಮಿಷದಲ್ಲಿ 90 ಮೀಟರ್ ಓಡಿರುತ್ತದೆ. ಅದಕ್ಕೆ ಪರಿಹಾರ ಇಲ್ಲ ಅಂತಲ್ಲ. ಪಾದಕ್ಕೆ ಕಟ್ಟಿದರೆ ಪ್ರತಿ ಹೆಜ್ಜೆಗೂ ಪಾದ ಒಂದು ಕ್ಷಣ ನೆಲದ ಮೇಲೆ ನಿಲ್ಲುತ್ತದೆ, ಆಗ ಲೆಕ್ಕವನ್ನು ಮತ್ತೆ ಸೊನ್ನೆಗೆ ತರಬಹುದು. ಮಣಿಕಟ್ಟಿಗೆ ಕಟ್ಟಿದ್ದಕ್ಕೆ ಆ ಭಾಗ್ಯ ಇಲ್ಲ. ಆದ್ದರಿಂದ ಎಲ್ಲಿಗೆ ಕಟ್ಟಿದ್ದೀರಿ, ಎಷ್ಟು ಬಿಗಿಯಾಗಿ ಕಟ್ಟಿದ್ದೀರಿ ಅನ್ನುವುದು ಸಣ್ಣ ವಿಷಯ ಅಲ್ಲ. ನಮ್ಮೂರಿನ ಸೆಕೆ, ಬೆವರು ನಿಮಗೇ ಗೊತ್ತು. ಏಪ್ರಿಲ್‌ನಲ್ಲಿ ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಎರಡು ಸುತ್ತು ಓಡಿದ ಸಪೂರ ಹುಡುಗನ ಸೊಂಟದಲ್ಲಿ ಬೆಲ್ಟ್ ನಿಲ್ಲುವುದು ಕಷ್ಟ. ಬೆಲ್ಟ್ ಕುಣಿದರೆ ಸೆನ್ಸರಿಗೆ ಹುಡುಗನೇ ಕುಣಿದ ಹಾಗೆ.

ಓಟದ್ದೂ ಸ್ವಲ್ಪ ಕೇಳಿ. ಒಳ್ಳೆಯ ಸ್ಪ್ರಿಂಟರ್ ಪೂರ್ತಿ ವೇಗದಲ್ಲಿ ಇರುವಾಗ ಪಾದ ನೆಲಕ್ಕೆ ತಾಗಿರುವುದು ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಷ್ಟು ಮಾತ್ರ. ಸೆಕೆಂಡಿಗೆ 100 ಸಲ ಅಳೆಯುವ ಸೆನ್ಸರ್ ಆದರೆ ಆ ಒಂದು ಹೆಜ್ಜೆಗೆ ಸಿಗುವುದು 10 ಅಳತೆ. ಒಂದು ಅಳತೆ ಆಚೀಚೆ ಆದರೆ ನೂರಕ್ಕೆ ಹತ್ತರಷ್ಟು ತಪ್ಪು. ಇಬ್ಬರು ಹುಡುಗರ ನಡುವಿನ ವ್ಯತ್ಯಾಸವೇ ಅದಕ್ಕಿಂತ ಕಡಿಮೆ ಇರಬಹುದು. ಕೊಂಡುಕೊಳ್ಳುವಾಗ ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅಂತ ಯಾರಾದರೂ ಕೇಳಿದ್ದೀರಾ? ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಮಾತ್ರ ಕೇಳಿರುತ್ತೀರಿ, ಅಲ್ವಾ?

ಇಷ್ಟೆಲ್ಲ ಕೊರತೆ ಹೇಳಿದ ಮೇಲೆ ಮೆಷಿನ್ ಬೇಡ ಅನ್ನುವುದು ಸುಲಭ. ಆದರೆ ಪ್ರಾಮಾಣಿಕವಾಗಿ ಹೇಳುತ್ತೇನೆ, ಮೆಷಿನ್ ಇಲ್ಲದ ಕಾಲವೇನೂ ಸತ್ಯಯುಗ ಆಗಿರಲಿಲ್ಲ. ಕೈ ಸ್ಟಾಪ್‌ವಾಚ್‌ನ ಸಮಯವನ್ನು ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸಬೇಕಾದರೆ 100 ಮೀಟರಿಗೆ 0.24 ಸೆಕೆಂಡ್ ಸೇರಿಸುವ ರೂಢಿ ಇದೆ. ಅಂದರೆ ನಮ್ಮ ಹೆಬ್ಬೆರಳು ಎಲ್ಲರನ್ನೂ ಅಷ್ಟು ಫಾಸ್ಟ್ ಮಾಡುತ್ತದೆ. ತನ್ನ ಶಾಲೆಯ ಹುಡುಗ ಓಡುವಾಗ ಮಾಸ್ಟ್ರ ಹೆಬ್ಬೆರಳು ಇನ್ನೂ ಚುರುಕಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನದೂ ಆಗಿರಬಹುದು. ‘ಇವನು ನಮ್ಮ ಇಂಥವರ ಮಗ, ಸ್ವಲ್ಪ ನೋಡಿ’ ಅನ್ನುವ ಫೋನ್ ಎಷ್ಟು ಬಂದಿಲ್ಲ? ಸೆನ್ಸರಿಗೆ ಫೋನ್ ಮಾಡಲಿಕ್ಕಾಗುವುದಿಲ್ಲ. ಆ ಒಂದು ಗುಣಕ್ಕೆ ನಾನು ಅದಕ್ಕೆ ಕೈ ಮುಗಿಯುತ್ತೇನೆ.

ದೊಡ್ಡವರ ಆಟದಲ್ಲಿ ಇದು ಬಂದು ವರ್ಷಗಳಾದವು. ಆಸ್ಟ್ರೇಲಿಯಾದ ಕ್ಯಾಟಪಲ್ಟ್‌ನಂಥ ಕಂಪನಿಗಳ ಅಂಗಿಯೊಳಗಿನ ಡಬ್ಬಿ ಹಾಕಿಕೊಂಡೇ ಎಷ್ಟೋ ತಂಡಗಳು ಅಭ್ಯಾಸ ಮಾಡುತ್ತವೆ. ಫುಟ್‌ಬಾಲ್ ಪಂದ್ಯದಲ್ಲೇ ಧರಿಸಲು 2015ರಲ್ಲಿ ಅನುಮತಿ ಸಿಕ್ಕಿತು. ನಮ್ಮ ಬೆಂಗಳೂರಿನ ಸ್ಪೆಕ್ಯುಲರ್ ಅನ್ನುವ ಕಂಪನಿ ಬ್ಯಾಟಿನ ಹಿಡಿಗೆ ಸಿಕ್ಕಿಸುವ ಸೆನ್ಸರ್ ಮಾಡಿತು. 2017ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಇಂಟೆಲ್ ಜೊತೆ ಸೇರಿ ಅದನ್ನು ಬಳಸಿದರು. ಬ್ಯಾಟಿನ ವೇಗ, ಹೊಡೆಯುವ ಮುಂಚೆ ಬ್ಯಾಟನ್ನು ಹಿಂದಕ್ಕೆ ಎತ್ತುವ ಕೋನ ಎಲ್ಲ ಟಿ.ವಿ.ಯಲ್ಲಿ ಬಂತು. ಆದರೆ ಆ ಸಂಖ್ಯೆ ನೋಡಿ ಯಾವ ಬ್ಯಾಟ್ಸ್‌ಮನ್‌ನನ್ನೂ ಟೀಮಿನಿಂದ ತೆಗೆದದ್ದು ನಾನು ಕೇಳಿಲ್ಲ. ಸಂಖ್ಯೆ ಕೋಚ್ ಕೈಗೆ ಹೋಗುತ್ತದೆ, ಕೋಚ್ ಆಟಗಾರನ ಜೊತೆ ಕೂರುತ್ತಾರೆ. ನಮ್ಮಲ್ಲಿ ಅದು ಮೊದಲು ಬಂದಿಳಿದದ್ದು 14 ವರ್ಷದ ಮಕ್ಕಳನ್ನು ಸೋಸುವ ಜರಡಿಯಾಗಿ. ನನ್ನ ತಕರಾರು ಇಲ್ಲಿಂದ ಶುರು.

‘ಸ್ಕಿಲ್ ಸ್ಕೋರ್’ ಅನ್ನುವುದು ಹೇಗೆ ಹುಟ್ಟುತ್ತದೆ ಅಂತ ಆ ಇಂಜಿನಿಯರಿಂಗ್ ಹುಡುಗ ನನಗೆ ವಿವರಿಸಿದ. ಚೆನ್ನಾಗಿ ಆಡುವ ಕೆಲವರ ಚಲನೆ ದಾಖಲಿಸುತ್ತಾರೆ. ಹೊಸಬರದ್ದೂ ದಾಖಲಿಸುತ್ತಾರೆ. ಕಂಪ್ಯೂಟರಿಗೆ ಎರಡೂ ತೋರಿಸಿ ವ್ಯತ್ಯಾಸ ಕಲಿಸುತ್ತಾರೆ. ಆಮೇಲೆ ಹೊಸ ಮಗು ಬಂದಾಗ ಅದು ಯಾವ ಗುಂಪಿಗೆ ಎಷ್ಟು ಹತ್ತಿರ ಅಂತ ಹೇಳುತ್ತದೆ. ಕೇಳಿ ನನಗೆ ಒಂದು ಪ್ರಶ್ನೆ ಎದ್ದಿತು. ಹಾಗಾದರೆ 41 ಅಂದರೆ ‘ನೀನು ಆ ಗುಂಪಿನವರ ಹಾಗೆ ಕಾಣುವುದಿಲ್ಲ’ ಅಂತ ಮಾತ್ರ ಅಲ್ವಾ? ಆ ಗುಂಪಿನಲ್ಲಿ ಇದ್ದವರು ಯಾರು? ವಯಸ್ಸೆಷ್ಟು? ಹುಡುಗಿಯರು ಇದ್ದರಾ? ಒಬ್ಬ ಎಡಗೈಯವರಾದರೂ ಇದ್ದರಾ? ಅವತ್ತು ಫೋನಿನಲ್ಲಿ ಇದನ್ನು ಕೇಳುವಷ್ಟು ನನಗೆ ಗೊತ್ತಿರಲಿಲ್ಲ. ಇವತ್ತು ಕೇಳುತ್ತಿದ್ದೇನೆ. ಬ್ಯಾಂಡನ್ನು ಎಡಗೈಗೆ ಬದಲಾಯಿಸಿ ಕಟ್ಟಿದರೂ ಸಾಕಾಗುವುದಿಲ್ಲ. ಕನ್ನಡಿಯಲ್ಲಿ ನೋಡಿದ ಹಾಗೆ ಬಲ ಎಡ ತಿರುಗಿರುತ್ತದೆ, ಪ್ಲಸ್ ಇದ್ದದ್ದು ಮೈನಸ್ ಆಗಿರುತ್ತದೆ. ಇವಳು ಎಡಗೈಯವಳು ಅಂತ ಸಾಫ್ಟ್‌ವೇರಿಗೂ ಹೇಳಬೇಕು. ಹೇಳಲು ಅಲ್ಲಿ ಒಂದು ಬಟನ್ ಇರಬೇಕು.

ಸುಮಾರು ನೂರು ವರ್ಷದ ಹಿಂದೆ, 1920ರ ದಶಕದಲ್ಲಿ, ರಷ್ಯಾದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಅನ್ನುವ ವಿಜ್ಞಾನಿ ಕಸುಬಿನಲ್ಲಿ ಪಳಗಿದವರು ಸುತ್ತಿಗೆಯಿಂದ ಹೊಡೆಯುವುದನ್ನು ಅಳೆದರು. ಕೈಗೆ ಸಣ್ಣ ಬಲ್ಬುಗಳನ್ನು ಕಟ್ಟಿ ಫೋಟೋ ತೆಗೆದು ಅಳೆದದ್ದು. ಇವತ್ತಿನ ಸೆನ್ಸರಿನ ಅಜ್ಜ ಅನ್ನಬಹುದು. ಸುತ್ತಿಗೆ ಪ್ರತಿ ಸಲವೂ ಬೀಳಬೇಕಾದಲ್ಲೇ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲವೂ ಒಂದೇ ತರ ಚಲಿಸುತ್ತಿರಲಿಲ್ಲ. ಒಂದು ಕಡೆ ಸ್ವಲ್ಪ ಹೆಚ್ಚಾದರೆ ಇನ್ನೊಂದು ಕಡೆ ಸರಿದೂಗಿಸಿಕೊಳ್ಳುತ್ತಿತ್ತು. ನಮ್ಮೂರ ಆಚಾರಿಯ ಕೊಟ್ಟಿಗೆಯಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ನಿಮಗೂ ಇದು ಕಾಣುತ್ತದೆ. ಈಗ ಹೇಳಿ, ಬರೀ ಮೊಣಕೈಗೆ ಒಂದು ಸೆನ್ಸರ್ ಕಟ್ಟಿ ‘ಪ್ರತಿ ಸಲ ಬೇರೆ ಬೇರೆ ಬರುತ್ತಿದೆ, ಸ್ಥಿರತೆ ಇಲ್ಲ’ ಅಂತ ಆಚಾರಿಗೆ ಕಡಿಮೆ ಮಾರ್ಕು ಕೊಡಬಹುದಾ? ಅಂಥ ಸೆನ್ಸರ್ ಕಂಡರೆ ಆಚಾರಿ ಸುತ್ತಿಗೆಯನ್ನು ಬೇರೆ ಕಡೆಗೆ ಬೀಸಬಹುದು.

ಜಾವೆಲಿನ್ ಕೂಡ ಹಾಗೆ. ಅದು ಕೈಯ ಆಟ ಅಲ್ಲ. ಓಡಿ ಬಂದು ಮುಂದಿನ ಕಾಲು ಗಟ್ಟಿಯಾಗಿ ಊರುತ್ತದೆ, ಸೊಂಟ ಮೊದಲು ತಿರುಗುತ್ತದೆ, ಆಮೇಲೆ ಭುಜ, ಆಮೇಲೆ ಮೊಣಕೈ, ಕೊನೆಗೆ ಮಣಿಕಟ್ಟು. ಚಾಟಿ ಬೀಸಿದ ಹಾಗೆ. ಈ ಸರದಿ ತಪ್ಪಿದರೆ 500 ಗ್ರಾಂನ ಜಾವೆಲಿನ್ನೂ ಭಾರ. ಆ ಹುಡುಗಿಗೆ ಈ ಸರದಿಯನ್ನು ನಾನು ಕಲಿಸಲೇ ಇಲ್ಲ, ಅವಳು ಬರುವಾಗಲೇ ತಂದಿದ್ದಳು. ಎಲ್ಲಿಂದ ಅಂತ ಆಮೇಲೆ ಗೊತ್ತಾಯಿತು. ಮಲ್ಪೆ ಕಡೆಯ ಮನೆ. ಅಜ್ಜ ಹೊಳೆಯಲ್ಲಿ ಬೀಸು ಬಲೆ ಹಾಕುವವರು. ಬಲೆ ಬೀಸುವುದನ್ನು ನೋಡಿದ್ದೀರಲ್ಲ? ಕಾಲು ಊರಿ, ಸೊಂಟ ತಿರುಗಿಸಿ, ಕೊನೆಯ ಕ್ಷಣಕ್ಕೆ ಕೈ ಬಿಟ್ಟರೆ ಬಲೆ ಛತ್ರಿ ಬಿಚ್ಚಿದ ಹಾಗೆ ದುಂಡಗೆ ಬೀಳುತ್ತದೆ. ಬರೀ ಕೈಯಿಂದ ಬೀಸಿದರೆ ಮುದ್ದೆಯಾಗಿ ಬೀಳುತ್ತದೆ, ಮೀನು ನಗುತ್ತದೆ. ಅಜ್ಜನೂ ಎಡಗೈಯವರಂತೆ.

ಈ ಸರದಿಯನ್ನು ಸೆನ್ಸರ್ ಹಿಡಿಯುತ್ತದೆ, ಸೊಂಟಕ್ಕೊಂದು, ಬೆನ್ನಿಗೊಂದು, ಎಸೆಯುವ ಕೈಗೊಂದು ಕಟ್ಟಿದರೆ. ಯಾವುದು ಮೊದಲು ತಿರುಗಿತು, ಎಷ್ಟು ಹೊತ್ತಿನ ನಂತರ ಇನ್ನೊಂದು ಬಂತು ಅಂತ ನಾವು ಆ ಎರಡೇ ಸೆನ್ಸರ್‌ಗಳಲ್ಲಿ, ಸೊಂಟ ಮತ್ತು ಎಡ ಮಣಿಕಟ್ಟಿಗೆ ಕಟ್ಟಿ, ನೋಡಿದೆವು. ಗ್ರಾಫಿನಲ್ಲಿ ಎರಡು ಗುಡ್ಡ, ಒಂದರ ಹಿಂದೆ ಒಂದು. ಅವಳು ಸುಸ್ತಾದ ಮೇಲೆ ಎಸೆದರೆ ಎರಡು ಗುಡ್ಡಗಳೂ ಹತ್ತಿರ ಬಂದು ಒಂದರ ಮೇಲೊಂದು ಕೂರುತ್ತಿದ್ದವು. ಸೊಂಟ ಕೆಲಸ ಬಿಟ್ಟು ಕೈ ಒಂದೇ ದುಡಿಯುತ್ತಿತ್ತು. ನನ್ನ ಕಣ್ಣಿಗೆ ಅದು ಕಂಡಿರಲಿಲ್ಲ. ಅಂದಿನಿಂದ ಗುಡ್ಡ ಕೂಡಿದ ಕೂಡಲೇ ಅವಳ ಅಭ್ಯಾಸ ನಿಲ್ಲಿಸುತ್ತೇನೆ. ಅವಳ ಮೊಣಕೈ ನೋವೂ ಕಡಿಮೆಯಾಗಿದೆ. ಮೆಷಿನ್ ಅಂದರೆ ಇದಕ್ಕೆ. ಇವತ್ತಿನ ಅವಳನ್ನು ನಿನ್ನೆಯ ಅವಳ ಜೊತೆ ಹೋಲಿಸಲಿಕ್ಕೆ.

ನಿಮ್ಮಲ್ಲಿ ಒಬ್ಬರು ಅವತ್ತೇ ನನಗೆ ಒಂದು ಮಾತು ಹೇಳಿದ್ದರು. ಅದು ತೂಕದ ಮಾತು. “ಮಾಸ್ಟ್ರೆ, ದೂರ ಮಾತ್ರ ನೋಡಿದರೆ ಬೇಗ ಬೆಳೆದ ಮಕ್ಕಳೇ ಗೆಲ್ಲುತ್ತಾರೆ. ಟೆಕ್ನಿಕ್ ನೋಡಿದರೆ ಸಣ್ಣ ಮಕ್ಕಳಿಗೂ ಚಾನ್ಸ್ ಸಿಗುತ್ತದೆ.” ನಿಜ. ಎಂಟನೇ ಕ್ಲಾಸಿನಲ್ಲಿ ಒಬ್ಬನಿಗೆ ಮೀಸೆ ಬಂದಿರುತ್ತದೆ, ಪಕ್ಕದವನಿಗೆ ಇನ್ನೂ ಹಾಲುಗಲ್ಲ. ಟೇಪು ಮೀಸೆಯವನನ್ನೇ ಆರಿಸುತ್ತದೆ. ಎರಡು ವರ್ಷ ಕಳೆದರೆ ಸಣ್ಣವನು ಇವನನ್ನು ದಾಟಿ ಹೋಗಿರುತ್ತಾನೆ, ಆದರೆ ಆಗ ಅವನು ಮೈದಾನದಲ್ಲಿ ಇರುವುದಿಲ್ಲ. ನಾನೇ ಇಂಥವರನ್ನು ಕಳೆದುಕೊಂಡಿದ್ದೇನೆ. ಆದರೆ ಮಣಿಕಟ್ಟಿನ ಸೆನ್ಸರ್ ಈ ರೋಗಕ್ಕೆ ಮದ್ದಲ್ಲ. ಇಬ್ಬರೂ ಒಂದೇ ರೀತಿ ಕೈ ತಿರುಗಿಸಿದರೂ ಉದ್ದ ಕೈಯವನ ಮಣಿಕಟ್ಟು ಹೆಚ್ಚು ವೇಗದಲ್ಲಿ ಹೋಗುತ್ತದೆ. ತೊಟ್ಟಿಲಿಗಿಂತ ದೊಡ್ಡ ಉಯ್ಯಾಲೆಯ ತುದಿ ಬೀಸಾಗಿ ಹೋಗುವ ಹಾಗೆ. ಎತ್ತರ, ಕೈಯ ಉದ್ದ, ವಯಸ್ಸು ಲೆಕ್ಕಕ್ಕೆ ಹಿಡಿಯದ ಸ್ಕೋರ್ ಮತ್ತೆ ಮೀಸೆಯವನನ್ನೇ ಆರಿಸುತ್ತದೆ. ಈ ಸಲ ಕಂಪ್ಯೂಟರಿನ ಸರ್ಟಿಫಿಕೇಟ್ ಸಮೇತ.

ಸಂಖ್ಯೆಯನ್ನು ಅದರ ಜಾಗದಿಂದ ಕಿತ್ತು ಬೇರೆ ಕಡೆ ನೆಟ್ಟರೆ ಏನಾಗುತ್ತದೆ ಅಂತ ನಮ್ಮ ಕರಾವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರ ಫೆಬ್ರವರಿ ನೆನಪಿದೆಯಲ್ಲ? ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕ್ಯಾಲ್ಕುಲೇಟರ್ ಒತ್ತಿ 100 ಮೀಟರಿಗೆ 9.55 ಅಂದರು. ಉಸೇನ್ ಬೋಲ್ಟ್ ದಾಖಲೆ 9.58. ಆಮೇಲೆ ದೇಶವೆಲ್ಲ ಗಲಾಟೆ. ಕೇಂದ್ರದ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಓಡಿದವರೇ ಬಂದು, ಕಂಬಳ ಬೇರೆ, ಟ್ರ್ಯಾಕ್ ಬೇರೆ, ನಾನು ಬರುವುದಿಲ್ಲ ಅಂದುಬಿಟ್ಟರು. ಅಳತೆ ತಪ್ಪಿರಲಿಲ್ಲ. ಆದರೆ ಆ ಓಟದಲ್ಲಿ ಎರಡು ಕೋಣಗಳ ಪಾಲೂ ಇತ್ತು, ಕೆಸರಿನ ಪಾಲೂ ಇತ್ತು. ಅವತ್ತು ಎಲ್ಲರಿಗಿಂತ ಚೆನ್ನಾಗಿ ಅಳತೆಯ ಅರ್ಥ ಗೊತ್ತಿದ್ದದ್ದು ಗೌಡರಿಗೆ.

ಇನ್ನು ಹುಡುಗಿಯರ ವಿಷಯ. ಇದನ್ನು ಬರೆಯಲು ಸ್ವಲ್ಪ ಮುಜುಗರ, ಆದರೆ ಬರೆಯದೆ ಇದ್ದರೆ ಯಾರೂ ಬರೆಯುವುದಿಲ್ಲ. ಬೆಲ್ಟ್ ಕಟ್ಟಲಿಕ್ಕೆ ಬಂದ ಸ್ವಯಂಸೇವಕರೆಲ್ಲ ಹುಡುಗರು. ಸೊಂಟಕ್ಕೆ ಪಟ್ಟಿ ಬಿಗಿಯುವಾಗ ಮಕ್ಕಳು ಮೈ ಹಿಡಿ ಮಾಡಿಕೊಂಡು ನಿಂತಿದ್ದರು. ಸರಿಯಾಗಿ ಬಿಗಿಯಲು ಕಟ್ಟುವವನಿಗೂ ನಾಚಿಕೆ, ಕಟ್ಟಿಸಿಕೊಳ್ಳುವವಳಿಗೂ ನಾಚಿಕೆ. ಪಟ್ಟಿ ಸಡಿಲ. ಸಡಿಲ ಪಟ್ಟಿಯಿಂದ ಕೆಟ್ಟ ಅಳತೆ. ಒಬ್ಬ ಮಹಿಳಾ ಕೋಚ್, ಒಂದು ಪರದೆ ಕಟ್ಟಿದ ಮೂಲೆ ಇದ್ದಿದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತಿತ್ತು. ಒಂದು ರೂಪಾಯಿಯ ಸಾಫ್ಟ್‌ವೇರೂ ಬೇಡ. ಕುಂದಾಪುರದ ಸಿದ್ದಾಪುರದಿಂದ ಹೊರಟು 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ತಂದ ಅಶ್ವಿನಿ ಅಕ್ಕುಂಜಿ, ಮಂಗಳೂರಿನ ಎಂ.ಆರ್. ಪೂವಮ್ಮ, 2012ರಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಬರೆದ ಸಹನಾ ಕುಮಾರಿ. ನಮ್ಮ ಕರಾವಳಿಯ ಅಥ್ಲೆಟಿಕ್ಸ್ ಅಂದರೆ ದೊಡ್ಡ ಪಾಲು ಹೆಣ್ಣುಮಕ್ಕಳದ್ದೇ. ಹಾಗಿರುವಾಗ ವ್ಯವಸ್ಥೆ ಅವರನ್ನು ಕೊನೆಗೆ ನೆನಪಿಸಿಕೊಂಡರೆ ಹೇಗೆ?

ಆ ಡೇಟಾ ಎಲ್ಲಿ ಹೋಯಿತು ಅನ್ನುವುದು ಮತ್ತೊಂದು ಪ್ರಶ್ನೆ. ಮಗುವಿನ ಹೆಸರು, ಹುಟ್ಟಿದ ದಿನ, ಎತ್ತರ, ತೂಕ, ಓಡುವ ರೀತಿ ಎಲ್ಲ ಒಂದು ಆ್ಯಪಿಗೆ ಹೋಯಿತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಅವರ ಡೇಟಾ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ನಮ್ಮ ಐದು ಮಕ್ಕಳ ಮನೆಯಲ್ಲಿ ಯಾರನ್ನೂ ಯಾರೂ ಕೇಳಲಿಲ್ಲ. ಒಂದು ಫಾರ್ಮಿಗೆ ಸಹಿ ಹಾಕಿದ್ದು ನಾನು, ಮಾಸ್ಟ್ರು. ಅದರಲ್ಲಿ ಏನಿತ್ತು ಅಂತ ಓದಲೂ ಇಲ್ಲ. ಅದೂ ನನ್ನ ತಪ್ಪೇ. ಐದು ಮನೆಗೂ ಹೋಗಿ ಹೇಳಿ ಬಂದಿದ್ದೇನೆ.

ಕ್ರಿಕೆಟ್‌ನಲ್ಲಿ ಬೌಲರ್ ಮೊಣಕೈ ಚೆಂಡು ಬಿಡುವಾಗ 15 ಡಿಗ್ರಿಗಿಂತ ಜಾಸ್ತಿ ನೆಟ್ಟಗಾಗಬಾರದು ಅನ್ನುವ ನಿಯಮ ಇದೆ. ಅನುಮಾನ ಬಂದರೆ ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯಂಥ ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸುತ್ತಾರೆ. ಸುತ್ತ ಕ್ಯಾಮೆರಾ ಇಟ್ಟು ಅಳೆಯುತ್ತಾರೆ. ಫೇಲಾದರೆ ಶೈಲಿ ತಿದ್ದಿಕೊಂಡು ಬಂದು ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬಹುದು. ಕೋಟಿ ದುಡಿಯುವ ಬೌಲರಿಗೆ ಮರುಪರೀಕ್ಷೆ ಉಂಟು. ಬಸ್ ಚಾರ್ಜಿಗೆ ಮನೆಯಲ್ಲಿ ಕೇಳಿಕೊಂಡು ಬಂದ ಹುಡುಗಿಗೆ ‘ಡೇಟಾ ಲಾಕ್ ಆಗಿದೆ’.

ನಾನು ಕೇಳುವುದು ಜಾಸ್ತಿ ಇಲ್ಲ. ಈ ವರ್ಷದ ಟ್ರಯಲ್ಸ್‌ನಲ್ಲಿ ಸೆನ್ಸರ್ ಸ್ಕೋರ್ ನೋಡಿ ಯಾವ ಮಗುವನ್ನೂ ಹೊರಗೆ ಹಾಕಬೇಡಿ. ಅಳೆಯಿರಿ, ಬರೆದಿಡಿ, ಆ ಕಾಗದದ ಒಂದು ಪ್ರತಿ ಮಗುವಿನ ಕೈಗೂ ಕೊಡಿ. ಅದರಲ್ಲಿ ನೂರಕ್ಕೆ ಇಷ್ಟು ಅಂತ ಬೇಡ, ಅಳತೆಗಳೇ ಇರಲಿ. ಪಾದ ನೆಲದಲ್ಲಿ ಎಷ್ಟು ಹೊತ್ತು, ಸೊಂಟ ಕೈಗಿಂತ ಎಷ್ಟು ಮೊದಲು, ಯಾವ ಕೈ, ಸೆನ್ಸರ್ ಎಲ್ಲಿ ಕಟ್ಟಿತ್ತು. ಊರಿಗೆ ವಾಪಸ್ ಬಂದ ಮೇಲೆ ನನ್ನಂಥ ಮಾಸ್ಟ್ರಿಗೆ ಅದರಿಂದ ಏನಾದರೂ ಮಾಡಲಿಕ್ಕಾಗುತ್ತದೆ. 41 ಇಟ್ಟುಕೊಂಡು ಏನು ಮಾಡಲಿ? ಒಂದೇ ದಿನದ ಅಳತೆ ನಂಬಬೇಡಿ. ಹಿಂದಿನ ರಾತ್ರಿ ಜಾತ್ರೆಗೆ ಹೋಗಿ ಬಂದ ಹುಡುಗನ ಮರುದಿನದ ಜಿಗಿತ ಹೇಗಿರುತ್ತದೆ ಅಂತ ನನಗೆ ಗೊತ್ತು. ತಕರಾರು ಇದ್ದರೆ ಅದೇ ದಿನ, ಅದೇ ಮೈದಾನದಲ್ಲಿ ಇನ್ನೊಂದು ಸಲ ಅಳೆಯಿರಿ.

ಹಣ ಇದ್ದರೆ ಆ ದೊಡ್ಡ ಪ್ಯಾಕೇಜು ಬಿಟ್ಟು, ತಾಲೂಕಿಗೆ ಐದಾರು ಸಾದಾ ಸೆನ್ಸರ್ ಕೊಡಿ. ಸುರತ್ಕಲ್‌ನಲ್ಲಿ ಎನ್.ಐ.ಟಿ.ಕೆ. ಇದೆ, ಮಣಿಪಾಲ ಇದೆ. ಗಲ್ಲಿಗೊಂದು ಇಂಜಿನಿಯರಿಂಗ್ ಕಾಲೇಜು ಇರುವ ಜಿಲ್ಲೆಗಳು ನಮ್ಮವು. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಮಕ್ಕಳು ಪ್ರತಿ ವರ್ಷ ಸಾವಿರಗಟ್ಟಲೆ. ಅವರನ್ನು ಮಂಗಳಾ ಸ್ಟೇಡಿಯಂಗೆ, ಅಜ್ಜರಕಾಡಿಗೆ, ಶಾಲೆಗಳ ಕೆಂಪು ಮಣ್ಣಿನ ಮೈದಾನಗಳಿಗೆ ಕರೆತನ್ನಿ. ನಮ್ಮ ಮಕ್ಕಳದ್ದೇ ಅಳತೆ ಮೂರ್ನಾಲ್ಕು ವರ್ಷ ಸೇರಲಿ. ಹುಡುಗರದ್ದು, ಹುಡುಗಿಯರದ್ದು, ಎಡಗೈಯವರದ್ದು, ಬರಿಗಾಲಲ್ಲಿ ಓಡುವವರದ್ದು. ಆಮೇಲೆ ಬೇಕಾದರೆ ಸ್ಕೋರ್ ವಿಷಯ ಕೂತು ಮಾತಾಡೋಣ. ನಾನು ರಿಟೈರ್ ಆಗಿರುತ್ತೇನೆ, ಆದರೂ ಬರುತ್ತೇನೆ.

ಆ ಹುಡುಗಿ ಈಗ ಹತ್ತನೇ ಕ್ಲಾಸು. ಮನೆಯಲ್ಲಿ ‘ಈ ವರ್ಷ ಓದು ಮಾತ್ರ ಸಾಕು, ಆಟ ಬೇಡ’ ಅಂದಿದ್ದರು. ಅಜ್ಜ ಒಪ್ಪಲಿಲ್ಲ. ನಿಮ್ಮ ಮುಂದಿನ ಟ್ರಯಲ್ಸ್‌ಗೆ ಅವಳ ಹೆಸರು ಕಳಿಸಿದ್ದೇನೆ. ಅರ್ಜಿಯಲ್ಲಿ ಎಡಗೈಯವಳು ಅಂತ ಬರೆಯಲು ಕಾಲಂ ಇರಲಿಲ್ಲ. ಮೇಲೆ ಖಾಲಿ ಜಾಗದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ, ದಯವಿಟ್ಟು ನೋಡಿ. ಆ ದಿನ ನಾನೂ ಬರುತ್ತೇನೆ. ಈ ಸಲ ಟ್ಯಾಬಿನ ಹತ್ತಿರ ನಿಲ್ಲುವುದಿಲ್ಲ.

ಇಂತಿ,
ಉಡುಪಿ ಜಿಲ್ಲೆಯ ಒಬ್ಬ ಪಿ.ಟಿ. ಮಾಸ್ಟ್ರು